ಹೈ-ರೆಸಲ್ಯೂಷನ್ ಡಿಜಿಟಲ್ ಸಂಗೀತ: ಸೋಂದಾ ಸೀಮೆಯ ಮನೆಗೆ ಸರಳ ಸಲಕರಣೆ

ಸಿಡಿಗಿಂತ ಹೆಚ್ಚು ಸೂಕ್ಷ್ಮವಾಗಿ ದಾಖಲಾದ ಧ್ವನಿಯನ್ನು ಹೈ-ರೆಸಲ್ಯೂಷನ್ ಅಥವಾ ರೂಢಿಯ ಮಾತಿನಲ್ಲಿ ಹೈ-ರೆಸ್ ಸಂಗೀತ ಎನ್ನುತ್ತಾರೆ. ಇಂಥ ಕಡತಗಳನ್ನು ಮನೆಯಲ್ಲಿ ಕೇಳಲು ನಾಲ್ಕು ವಸ್ತು ಸಾಕು: ಕಡತ ಇಟ್ಟುಕೊಳ್ಳುವ ಮತ್ತು ಓದುವ ಸಾಧನ, ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವ ಡ್ಯಾಕ್, ಆಂಪ್ಲಿಫೈಯರ್ ಮತ್ತು ಒಂದು ಜೊತೆ ಸ್ಪೀಕರ್. ಇವುಗಳ ಆಯ್ಕೆಯನ್ನು ಉತ್ತರ ಕನ್ನಡ ಜಿಲ್ಲೆಯ ಸೋಂದಾ ಮತ್ತು ಸುತ್ತಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮನೆ, ಮಳೆ, ವಿದ್ಯುತ್ತು ಮತ್ತು ಸಂಗೀತವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಕಡತದ ಮೇಲೆ ಬರೆದ ಅಂಕಿಗಿಂತ ಒಳ್ಳೆಯ ಧ್ವನಿಮುದ್ರಣ, ತಕ್ಕ ಸ್ಪೀಕರ್, ಹದವಾದ ಕೋಣೆ ಮತ್ತು ಸುರಕ್ಷಿತ ವಿದ್ಯುತ್ತು ಕೇಳುವ ಸುಖವನ್ನು ಹೆಚ್ಚು ನಿರ್ಧರಿಸುತ್ತವೆ. ಹೈ-ರೆಸ್ ತಂತ್ರ ಈ ಸೀಮೆಗೆ ನಿಜವಾಗಿ ದುಡಿಯುವುದು ಧ್ವನಿಮುದ್ರಣ ಮತ್ತು ಸಂರಕ್ಷಣೆಯಲ್ಲಿ.

ಸೀಮೆ ಮತ್ತು ಅದರ ಸಂಗೀತ

ಸೋಂದಾ ಅಥವಾ ಸೋದೆ ಶಿರಸಿ ತಾಲ್ಲೂಕಿನ ಊರು. ಶಿರಸಿಯಿಂದ ಯಲ್ಲಾಪುರದ ಕಡೆಗೆ ಸುಮಾರು 20 ಕಿ.ಮೀ. ದೂರದಲ್ಲಿದೆ. ಒಂದು ಕಾಲಕ್ಕೆ ಸೋದೆ ಅರಸರ ರಾಜಧಾನಿಯಾಗಿದ್ದ ಇಲ್ಲಿ ವಾದಿರಾಜ ಮಠ, ಸ್ವರ್ಣವಲ್ಲಿ ಮಠ ಮತ್ತು ಸ್ವಾದಿ ಜೈನ ಮಠ ಇವೆ. ಹಯವದನ ಅಂಕಿತದಲ್ಲಿ ಕೀರ್ತನೆಗಳನ್ನು ರಚಿಸಿದ ವಾದಿರಾಜರ ಬೃಂದಾವನ ಇರುವುದೂ ಇಲ್ಲಿಯೇ. ಅವರ ಲಕ್ಷ್ಮೀ ಶೋಭಾನೆಯನ್ನು ಹೆಂಗಸರು ಇಂದಿಗೂ ಹಾಡುತ್ತಾರೆ.

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳ ಕಿವಿಯನ್ನು ಎರಡು ಪರಂಪರೆಗಳು ಹದಗೊಳಿಸಿವೆ. ಮೊದಲನೆಯದು ಬಡಗುತಿಟ್ಟಿನ ಯಕ್ಷಗಾನ ಮತ್ತು ತಾಳಮದ್ದಳೆ. ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಘಟ್ಟದ ಕೆಳಗಿನದಾದರೂ ಅದರ ಪ್ರೇಕ್ಷಕರು ಮೇಲೂ ಇದ್ದರು. ಆ ಮೇಳದಲ್ಲಿ ದಶಕಗಳ ಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರು ಶಿರಸಿ ಸೀಮೆಯವರು. ಎರಡನೆಯದು ಹಿಂದುಸ್ತಾನಿ ಸಂಗೀತ. ಹುಬ್ಬಳ್ಳಿ, ಧಾರವಾಡ ಇಲ್ಲಿಗೆ ದೂರವಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಅಡಕೆ ತೋಟದ ನಡುವಿನ ಮನೆಗಳಿಗೂ ಖಯಾಲನ್ನು ತಲುಪಿಸಿತು. ಬಸವರಾಜ ರಾಜಗುರು ಅವರ ಶಿಷ್ಯ ಗಣಪತಿ ಭಟ್ಟ ಹಾಸಣಗಿ ಯಲ್ಲಾಪುರ ತಾಲ್ಲೂಕಿನ ಹಾಸಣಗಿಯವರು.

ಸಲಕರಣೆಯ ಗುಣ ತಿಳಿಯಲು ಈ ಎರಡು ಪರಂಪರೆಗಳ ವಾದ್ಯಗಳಿಗಿಂತ ಒಳ್ಳೆಯ ಒರೆಗಲ್ಲು ಬೇಡ. ತಂಬೂರಿಯ ಜವಾರಿಯಿಂದ ಏಳುವ ಉಪಸ್ವರಗಳು ಮೂಲ ಶ್ರುತಿಗಿಂತ ಎಷ್ಟೋ ಪಟ್ಟು ಎತ್ತರದವರೆಗೆ ಹರಡಿರುತ್ತವೆ, ನಿಲ್ಲದೆ ಮಿಂಚುತ್ತಿರುತ್ತವೆ. ಚಂಡೆಯ ಪೆಟ್ಟು ಕ್ಷಣಾರ್ಧದಲ್ಲಿ ಏರಿ ಇಳಿಯುತ್ತದೆ. ಭಾಗವತರ ಕೈಯ ತಾಳದ ನಾದ ತೆಳುವಾಗಿ ಬಹಳ ಹೊತ್ತು ಉಳಿಯುತ್ತದೆ. ಮದ್ದಳೆಗೆ ತುಂಬು ಕೆಳಸ್ವರವಿದೆ. ಇವುಗಳ ನಡುವೆ ಪದ್ಯದ ಸಾಹಿತ್ಯ ಅಕ್ಷರ ಅಕ್ಷರವಾಗಿ ಕೇಳಬೇಕು. ಇಷ್ಟನ್ನು ಬಿಡಿಬಿಡಿಯಾಗಿ, ಒಂದು ಇನ್ನೊಂದನ್ನು ನುಂಗದಂತೆ ಕೇಳಿಸುವ ವ್ಯವಸ್ಥೆ ಯಾವ ಸಂಗೀತಕ್ಕೂ ಸಾಲುತ್ತದೆ.

ಅಂಕಿಗಳ ಅರ್ಥ

ಡಿಜಿಟಲ್ ಧ್ವನಿಯನ್ನು ಎರಡು ಅಂಕಿಗಳಿಂದ ಅಳೆಯುತ್ತಾರೆ. ಸೆಕೆಂಡಿಗೆ ಎಷ್ಟು ಬಾರಿ ಅಲೆಯ ಎತ್ತರವನ್ನು ಅಳೆದರು ಎಂಬುದು ಸ್ಯಾಂಪ್ಲಿಂಗ್ ದರ. ಪ್ರತಿ ಅಳತೆಯನ್ನು ಎಷ್ಟು ನುಣುಪಾಗಿ ಬರೆದರು ಎಂಬುದು ಬಿಟ್‌ಗಳ ಸಂಖ್ಯೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ಪ್ರತಿಯೊಂದಕ್ಕೂ 16 ಬಿಟ್.

ಸ್ಯಾಂಪ್ಲಿಂಗ್ ದರದ ಅರ್ಧಕ್ಕಿಂತ ಕೆಳಗಿನ ಎಲ್ಲ ಕಂಪನಗಳನ್ನೂ ಆ ಅಳತೆಗಳಿಂದ ಪೂರ್ತಿಯಾಗಿ ಮರಳಿ ಕಟ್ಟಬಹುದು ಎಂಬುದು ನೈಕ್ವಿಸ್ಟ್ ಮತ್ತು ಶಾನನ್ ಅವರ ಹೆಸರಿನಲ್ಲಿರುವ ಪ್ರಮೇಯ. ಮನುಷ್ಯನ ಕಿವಿಯ ಮಿತಿ ಎಳೆಯ ವಯಸ್ಸಿನಲ್ಲಿ ಸುಮಾರು 20 ಹರ್ಟ್ಸ್‌ನಿಂದ 20 ಕಿಲೊಹರ್ಟ್ಸ್. ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತ ಬರುತ್ತದೆ. ಹಾಗಾಗಿ 44.1 ಕಿಲೊಹರ್ಟ್ಸ್ ದರ ಕಿವಿಯ ಮಿತಿಯನ್ನು ಆಗಲೇ ಮುಟ್ಟಿದೆ. ಬಿಟ್‌ಗಳು ಸದ್ದಿನ ಅತಿ ಮೆಲು ಮತ್ತು ಅತಿ ಜೋರಿನ ನಡುವಿನ ಅಂತರವನ್ನು ತೀರ್ಮಾನಿಸುತ್ತವೆ. 16 ಬಿಟ್‌ನಲ್ಲಿ ಅದು ಸುಮಾರು 96 ಡೆಸಿಬೆಲ್. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144 ಡೆಸಿಬೆಲ್. ಆದರೆ ಒಳ್ಳೆಯ ಡ್ಯಾಕ್‌ಗಳೂ 120ರ ಆಸುಪಾಸಿನಲ್ಲಿ ನಿಲ್ಲುತ್ತವೆ.

ಹೈ-ರೆಸ್ ಎಂಬ ಚೀಟಿ ಸಾಮಾನ್ಯವಾಗಿ 24 ಬಿಟ್, 96 ಕಿಲೊಹರ್ಟ್ಸ್ ಅಥವಾ ಅದಕ್ಕೂ ಮೇಲಿನ ಕಡತಗಳಿಗೆ ಅಂಟುತ್ತದೆ. ಎರಡು ಚಾನೆಲ್‌ಗಳ ಒಂದು ಗಂಟೆ ಸಂಗೀತ ತಿನ್ನುವ ಜಾಗದ ಲೆಕ್ಕ ಹೀಗಿದೆ:

320 ಕಿಲೊಬಿಟ್ ಎಂಪಿ3: ಸುಮಾರು 144 ಎಂಬಿ
ಸಿಡಿ ಗುಣಮಟ್ಟ, 16 ಬಿಟ್ 44.1 ಕಿಲೊಹರ್ಟ್ಸ್: ಸುಮಾರು 635 ಎಂಬಿ
24 ಬಿಟ್ 96 ಕಿಲೊಹರ್ಟ್ಸ್: ಸುಮಾರು 2.07 ಜಿಬಿ
24 ಬಿಟ್ 192 ಕಿಲೊಹರ್ಟ್ಸ್: ಸುಮಾರು 4.15 ಜಿಬಿ

ಕಡತದ ಬಗೆಗಳು

ಕಡತಗಳಲ್ಲಿ ಮೂರು ಬಗೆ. ವೇವ್ ಕಡತದಲ್ಲಿ ಅಳತೆಗಳು ಇದ್ದ ಹಾಗೇ ಇರುತ್ತವೆ. ಫ್ಲಾಕ್ ಮತ್ತು ಆ್ಯಪಲ್ ಕಂಪನಿಯ ಅಲಾಕ್ ಅದೇ ಮಾಹಿತಿಯನ್ನು ಒಂದು ಬಿಟ್ಟೂ ಕಳೆಯದಂತೆ ಮಡಚಿಡುತ್ತವೆ. ಕೇಳುವಾಗ ಅದು ಇಡಿಯಾಗಿ ಬಿಚ್ಚಿಕೊಳ್ಳುತ್ತದೆ. 2001ರಲ್ಲಿ ಮೊದಲು ಹೊರಬಂದ ಫ್ಲಾಕ್ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ವಿಧಾನ. ಸಂಗೀತದ ಸ್ವಭಾವವನ್ನು ಅನುಸರಿಸಿ ಅದು ಜಾಗವನ್ನು ಅರ್ಧದಷ್ಟು ಅಥವಾ ಅದಕ್ಕೂ ತುಸು ಕಡಿಮೆ ಉಳಿಸುತ್ತದೆ. ಮನೆಯ ಸಂಗ್ರಹಕ್ಕೆ ಇದೇ ತಕ್ಕದ್ದು.

ಮೂರನೆಯ ಬಗೆ ಎಂಪಿ3, ಎಎಸಿ ಮೊದಲಾದವು. ಕಿವಿಗೆ ಕೇಳಲಾರದು ಎಂದು ಅಂದಾಜಿಸಿದ ಭಾಗವನ್ನು ಇವು ಕಿತ್ತುಹಾಕುತ್ತವೆ. 320 ಕಿಲೊಬಿಟ್ ದರದಲ್ಲಿ ಕಿತ್ತದ್ದು ಸುಲಭಕ್ಕೆ ಗೊತ್ತಾಗುವುದಿಲ್ಲ. 128 ಅಥವಾ 64ಕ್ಕೆ ಇಳಿಸಿದರೆ ಮೊದಲು ಬಲಿಯಾಗುವುದು ತಂಬೂರಿಯ ಮಿಂಚು ಮತ್ತು ಚಂಡೆಯ ಪೆಟ್ಟಿನ ಅಂಚು. ಹಠಾತ್ತನೆ ಏರುವ ಸದ್ದಿಗೆ ಸ್ವಲ್ಪ ಮುಂಚೆಯೇ ಒಂದು ಮಬ್ಬು ಸಪ್ಪಳ ಸೇರಿಕೊಳ್ಳುವುದು ಈ ವಿಧಾನಗಳ ಹುಟ್ಟುಗುಣ. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ, ಫೋನಿನಿಂದ ಫೋನಿಗೆ ಹರಿದಾಡುವ ಎಷ್ಟೋ ಯಕ್ಷಗಾನ ಪದ್ಯಗಳು ಎರಡು ಮೂರು ಬಾರಿ ಹೀಗೆ ಕಿತ್ತುಹೋದವು. ಅಂಥ ಎಂಪಿ3ಯನ್ನು ಫ್ಲಾಕ್‌ಗೋ 96 ಕಿಲೊಹರ್ಟ್ಸ್‌ಗೋ ಬದಲಿಸಿಟ್ಟರೆ ಕಳೆದದ್ದು ಬರುವುದಿಲ್ಲ. ಸಣ್ಣ ಚೀಲದ ಅಡಕೆಯನ್ನು ದೊಡ್ಡ ಚೀಲಕ್ಕೆ ಸುರಿದರೆ ತೂಕ ಹೆಚ್ಚದು.

ಕಿವಿಗೆ ಗೊತ್ತಾಗುವುದೆಷ್ಟು

ಸಿಡಿಗೂ ಹೈ-ರೆಸ್‌ಗೂ ಇರುವ ವ್ಯತ್ಯಾಸ ಕಿವಿಗೆ ತಿಳಿಯುತ್ತದೆಯೇ ಎಂಬುದನ್ನು ಪ್ರಯೋಗಗಳು ಪರೀಕ್ಷಿಸಿವೆ. 2007ರಲ್ಲಿ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಪ್ರಕಟಿಸಿದ ಅಮೆರಿಕದ ಪ್ರಯೋಗದಲ್ಲಿ, ಹೈ-ರೆಸ್ ಡಿಸ್ಕಿನ ಧ್ವನಿಯನ್ನು ನೇರವಾಗಿಯೂ ಸಿಡಿ ಮಟ್ಟಕ್ಕೆ ಇಳಿಸಿಯೂ ಯಾವುದೆಂದು ಹೇಳದೆ ಕೇಳಿಸಲಾಯಿತು. 554 ಸರದಿಗಳಲ್ಲಿ 276 ಉತ್ತರಗಳು ಸರಿಯಾದವು. ಕಣ್ಣುಮುಚ್ಚಿ ಊಹಿಸಿದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೈಸ್ 18 ಪ್ರಯೋಗಗಳ 12,500ಕ್ಕೂ ಹೆಚ್ಚು ಸರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರ ಶೇಕಡಾ 52.3 ಇತ್ತು. ತರಬೇತಿ ಪಡೆದ ಕೇಳುಗರಲ್ಲಿ ಅದು ಇನ್ನಷ್ಟು ಏರಿತು. ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಇರುವುದು ಬಹಳ ಸಣ್ಣದು.

ಮೇಯರ್ ಮತ್ತು ಮೊರಾನ್ ಇನ್ನೊಂದು ಮಾತನ್ನೂ ದಾಖಲಿಸಿದರು. ಹೈ-ರೆಸ್ ಡಿಸ್ಕುಗಳು ಹಲವು ಸಲ ಮಾಮೂಲಿ ಸಿಡಿಗಳಿಗಿಂತ ಚೆನ್ನಾಗಿ ಕೇಳಿಸುತ್ತಿದ್ದವು, ಅದಕ್ಕೆ ಕಾರಣ ಅವುಗಳನ್ನು ಸಿದ್ಧಪಡಿಸುವಾಗ ವಹಿಸಿದ ಹೆಚ್ಚಿನ ಆಸ್ಥೆ. ಕೊಳ್ಳುವವರು ನೆನಪಿಡಬೇಕಾದದ್ದು ಇದನ್ನು. ಒಬ್ಬ ಗಾಯಕರ ಒಂದೇ ರಾಗದ ಎರಡು ಮುದ್ರಣಗಳಲ್ಲಿ ಮೈಕನ್ನು ಸರಿಯಾಗಿ ಇಟ್ಟು, ಸದ್ದನ್ನು ಅನಗತ್ಯವಾಗಿ ಹಿಗ್ಗಿಸದೆ ಮಾಡಿದ ಸಿಡಿ ಮಟ್ಟದ ಮುದ್ರಣವು ಅಜಾಗ್ರತೆಯ 192 ಕಿಲೊಹರ್ಟ್ಸ್ ಮುದ್ರಣಕ್ಕಿಂತ ಎಂದಿಗೂ ಮೇಲು.

ಯಾರು ಬೇಕಾದರೂ ಮನೆಯಲ್ಲೇ ಈ ಪರೀಕ್ಷೆ ಮಾಡಬಹುದು. ಒಂದು ಹೈ-ರೆಸ್ ಫ್ಲಾಕ್ ಕಡತವನ್ನು ತೆಗೆದುಕೊಂಡು ಅದರಿಂದಲೇ 16 ಬಿಟ್ 44.1 ಕಿಲೊಹರ್ಟ್ಸ್ ಪ್ರತಿಯನ್ನೂ 128 ಕಿಲೊಬಿಟ್ ಎಂಪಿ3 ಪ್ರತಿಯನ್ನೂ ಮಾಡಬೇಕು. ಕಂಪ್ಯೂಟರಿನ ಫೂಬಾರ್2000 ಎಂಬ ಉಚಿತ ತಂತ್ರಾಂಶದಲ್ಲಿ ಎರಡು ಕಡತಗಳನ್ನು ಹೆಸರು ಮರೆಸಿ ಕೇಳಿಸುವ ಅನುಕೂಲವಿದೆ. 16 ಸರದಿಗಳಲ್ಲಿ 12 ಅಥವಾ ಹೆಚ್ಚು ಸರಿಯಾದರೆ ಅದನ್ನು ಬರಿಯ ಅದೃಷ್ಟ ಎನ್ನಲಾಗದು. ತಂಬೂರಿಯೊಂದೇ ನುಡಿಯುವ ಆಲಾಪದ ಆರಂಭ ಅಥವಾ ಚಂಡೆಯ ಬಿಡ್ತಿಗೆ ಈ ಪರೀಕ್ಷೆಗೆ ಹೇಳಿಮಾಡಿಸಿದಂತಿವೆ. ಎಂಪಿ3 ಪ್ರತಿ ಬೇಗ ಸಿಕ್ಕಿಬೀಳುತ್ತದೆ. ಸಿಡಿ ಮಟ್ಟದ ಪ್ರತಿಯನ್ನು ಹಿಡಿಯಲು ಬಹುತೇಕರು ತಿಣುಕುತ್ತಾರೆ. ಹಣ ಖರ್ಚು ಮಾಡುವ ಮೊದಲು ತನ್ನ ಕಿವಿಯನ್ನೇ ಕೇಳಿ ತಿಳಿಯುವ ದಾರಿ ಇದು.

ಮೂಲ ಸಾಧನ

ಕಡತವನ್ನು ಓದಿ ಕೊಡಲು ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಹಳೆಯ ಲ್ಯಾಪ್‌ಟಾಪ್ ಅಥವಾ ಬದಿಗಿಟ್ಟ ಆಂಡ್ರಾಯ್ಡ್ ಫೋನ್ ಸಾಕು. ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ಇವು ಥಟ್ಟನೆ ನಿಲ್ಲುವುದಿಲ್ಲ. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರಿಗೆ ವೊಲ್ಯೂಮಿಯೊ ಅಥವಾ ಮೂಡ್ ತಂತ್ರಾಂಶ ಹಾಕಿದರೆ ಅದು ಸಂಗೀತಕ್ಕೇ ಮೀಸಲಾದ ಪೆಟ್ಟಿಗೆಯಾಗುತ್ತದೆ, ಅದನ್ನು ಫೋನಿನಿಂದ ನಿಯಂತ್ರಿಸಬಹುದು. ಅಗ್ಗ, ಸದ್ದಿಲ್ಲದ್ದು, ವಿದ್ಯುತ್ತೂ ಕಡಿಮೆ ಸಾಕು. ಆದರೆ ಅದರ ತಂತ್ರಾಂಶ ಮೆಮೊರಿ ಕಾರ್ಡಿನಲ್ಲಿರುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಹಲವು ಬಾರಿ ಕರೆಂಟು ಹೋಗಿ ಬರುವ ಊರುಗಳಲ್ಲಿ ಕಾರ್ಡು ಕೆಡುವ ಸಂಭವ ಹೆಚ್ಚು. ಇನ್ವರ್ಟರ್ ಲೈನಿಗೆ ಜೋಡಿಸಿ, ಕಾರ್ಡಿನ ಇನ್ನೊಂದು ಪ್ರತಿ ಇಟ್ಟುಕೊಂಡವರಿಗೆ ಮಾತ್ರ ಇದು ಒಪ್ಪುತ್ತದೆ.

ಇಂಟರ್‌ನೆಟ್ಟಿನಿಂದ ನೇರವಾಗಿ ಕೇಳುವ ಸೇವೆಗಳಲ್ಲೂ ಈಗ ಮಾಹಿತಿ ಕಳೆಯದ ಗುಣಮಟ್ಟ ಸಿಗುತ್ತದೆ. ಆ್ಯಪಲ್ ಮ್ಯೂಸಿಕ್ 2021ರ ಜೂನ್‌ನಲ್ಲಿ ಹೆಚ್ಚಿನ ದರವಿಲ್ಲದೆ ಇದನ್ನು ಆರಂಭಿಸಿತು. 24 ಬಿಟ್ 96 ಕಿಲೊಹರ್ಟ್ಸ್ ಹರಿವಿಗೆ ಸೆಕೆಂಡಿಗೆ ಮೂರು ಮೆಗಾಬಿಟ್ ಸುತ್ತಮುತ್ತ ಬೇಕು. ಫೈಬರ್ ಬಂದ ಮನೆಗೆ ಇದು ದೊಡ್ಡದಲ್ಲ. ಮೊಬೈಲ್ ಸಿಗ್ನಲ್ಲಿಗಾಗಿ ಅಂಗಳದ ಮೂಲೆಗೋ ದಿಬ್ಬದ ಮೇಲಕ್ಕೋ ಹೋಗಬೇಕಾದ ಮನೆಗಳಲ್ಲಿ ಹರಿವು ನಡುನಡುವೆ ತುಂಡಾಗುತ್ತದೆ. ಅಂಥಲ್ಲಿ ಕಡತಗಳನ್ನು ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದೇ ಸರಿ. 2008ರಿಂದ ಇರುವ ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳು ಕಲಾವಿದರಿಂದಲೇ ಫ್ಲಾಕ್ ಕೊಳ್ಳಲು ಅವಕಾಶ ಕೊಡುತ್ತವೆ. ಒಂದು ಟಿಬಿ ಡಿಸ್ಕಿನಲ್ಲಿ 24 ಬಿಟ್ 96 ಕಿಲೊಹರ್ಟ್ಸ್ ಫ್ಲಾಕ್ ಸುಮಾರು 800 ಗಂಟೆ ಹಿಡಿಸುತ್ತದೆ.

ಬ್ಲೂಟೂತ್ ಅನುಕೂಲದ್ದು, ಹೈ-ರೆಸ್‌ಗೆ ತಕ್ಕದ್ದಲ್ಲ. ಸಾಮಾನ್ಯ ಎಸ್‌ಬಿಸಿ ವಿಧಾನ ಸುಮಾರು 328 ಕಿಲೊಬಿಟ್‌ಗೆ ನಿಲ್ಲುತ್ತದೆ. ಎಲ್‌ಡ್ಯಾಕ್ ಹೆಚ್ಚೆಂದರೆ 990 ಮುಟ್ಟುತ್ತದೆ. ಎರಡರಲ್ಲೂ ಮಾಹಿತಿ ಕಡಿತ ಇದ್ದದ್ದೇ. ಮನೆಯಲ್ಲಿ ಒಂದೇ ಕಡೆ ಕುಳಿತು ಕೇಳುವುದಾದರೆ ವೈರೇ ಒಳ್ಳೆಯದು.

ಡ್ಯಾಕ್

ಡಿಜಿಟಲ್ ಅಂಕಿಗಳನ್ನು ಅನಲಾಗ್ ಅಲೆಯಾಗಿ ಪರಿವರ್ತಿಸುವ ಸಾಧನಕ್ಕೆ ಡ್ಯಾಕ್ ಎಂದು ಹೆಸರು. ಪ್ರತಿ ಫೋನು, ಲ್ಯಾಪ್‌ಟಾಪಿನೊಳಗೂ ಒಂದು ಇರುತ್ತದೆ. ಕಿವಿಗೆ ಸಣ್ಣ ಗೊರಗೊರ ಕೇಳಿಸಿದರೆ ಅಥವಾ ಸಾಧನಕ್ಕೆ ಹೆಚ್ಚಿನ ದರ ನಿಭಾಯಿಸಲು ಬಾರದಿದ್ದರೆ ಮಾತ್ರ ಹೊರಗಿನದು ಬೇಕು. ಐಫೋನಿನಿಂದ 48 ಕಿಲೊಹರ್ಟ್ಸ್‌ಗಿಂತ ಮೇಲಿನ ದರ ಪಡೆಯಲು ಹೊರಗಿನ ಡ್ಯಾಕ್ ಅಗತ್ಯ. ಎಷ್ಟೋ ಆಂಡ್ರಾಯ್ಡ್ ಫೋನುಗಳು ಎಲ್ಲ ಧ್ವನಿಯನ್ನೂ 48 ಕಿಲೊಹರ್ಟ್ಸ್‌ಗೆ ಬದಲಿಸಿ ಕಳಿಸುತ್ತವೆ. ಇದನ್ನು ತಪ್ಪಿಸಿ ಡ್ಯಾಕ್‌ಗೆ ನೇರವಾಗಿ ಕಡತ ಕಳಿಸುವ ಆ್ಯಪ್‌ಗಳಿವೆ.

ಬೆರಳುದ್ದದ ಯುಎಸ್‌ಬಿ ಡಾಂಗಲ್ ಒಂದರೊಳಗೇ ಇಂದು ಡ್ಯಾಕ್ ಮತ್ತು ಹೆಡ್‌ಫೋನ್ ಆಂಪ್ಲಿಫೈಯರ್ ಎರಡೂ ಇರುತ್ತವೆ. ಕೊಳ್ಳುವಾಗ ನೋಡಬೇಕಾದವು ಮೂರು. 24 ಬಿಟ್ 96 ಕಿಲೊಹರ್ಟ್ಸ್ ತಲುಪಬೇಕು. ಫೋನು, ಕಂಪ್ಯೂಟರ್ ಎರಡಕ್ಕೂ ಹೊಂದಬೇಕು. ಹಿನ್ನೆಲೆ ಸದ್ದು ಸಂಗೀತದ ಗರಿಷ್ಠ ಮಟ್ಟಕ್ಕಿಂತ ಕನಿಷ್ಠ 100 ಡೆಸಿಬೆಲ್ ಕೆಳಗೆ ಇರಬೇಕು. ಯುಎಸ್‌ಬಿ ಆಡಿಯೊ ಎರಡನೆಯ ದರ್ಜೆಯ ಸಾಧನಗಳಿಗೆ ವಿಂಡೋಸ್ 10ರಲ್ಲಿ 2017ರಿಂದ ಪ್ರತ್ಯೇಕ ಡ್ರೈವರ್ ಬೇಕಾಗಿಲ್ಲ. ಅದಕ್ಕೂ ಹಳೆಯ ವಿಂಡೋಸ್ ಇದ್ದರೆ ಮೊದಲೇ ವಿಚಾರಿಸಿಕೊಳ್ಳಬೇಕು. ಇಷ್ಟು ದಾಟಿದ ಮೇಲೆ ಡ್ಯಾಕ್‌ಗೆ ಸುರಿಯುವ ಹಣದ ಫಲ ಕಿವಿಗೆ ಸಿಗುವುದು ಕಡಿಮೆ. ಆ ಹಣ ಸ್ಪೀಕರಿಗೆ ಸೇರಬೇಕಾದದ್ದು.

ಆಂಪ್ಲಿಫೈಯರ್

ಆಂಪ್ಲಿಫೈಯರ್ ಎಷ್ಟು ವಾಟ್ ಇರಬೇಕೆಂಬುದು ಸ್ಪೀಕರಿನ ಸಂವೇದನೆಯನ್ನು ಅವಲಂಬಿಸಿದೆ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಬರುವ ಸದ್ದೇ ಸಂವೇದನೆ. 86 ಡೆಸಿಬೆಲ್‌ನ ಸ್ಪೀಕರ್ ಜೊತೆಯನ್ನು ಇಟ್ಟು ಮೂರು ಮೀಟರ್ ದೂರ ಕುಳಿತರೆ ತಲಾ ಒಂದು ವಾಟಿಗೆ ಸುಮಾರು 80 ಡೆಸಿಬೆಲ್ ಕೇಳುತ್ತದೆ. ಇದೇ ಸಾಕಷ್ಟು ಜೋರು. ವಾಟ್ ಇಮ್ಮಡಿಯಾದಾಗಲೆಲ್ಲ ಮೂರು ಡೆಸಿಬೆಲ್ ಏರುತ್ತದೆ. 20 ವಾಟಿಗೆ 93ರ ಹತ್ತಿರ ಬರುತ್ತದೆ. ಚಂಡೆಯ ಪೆಟ್ಟು ಒಡೆಯದೆ ಕೇಳಲು ಮನೆಯ ಕೋಣೆಗೆ ಇಷ್ಟು ಸಾಕು. ಡಬ್ಬಿಯ ಮೇಲೆ ಸಾವಿರಗಟ್ಟಲೆ ವಾಟ್ ಎಂದು ಬರೆದದ್ದನ್ನು ನಂಬಬೇಕಾಗಿಲ್ಲ. ಒಂದೊಂದು ಬದಿಗೆ 20ರಿಂದ 50 ನಿಜವಾದ ವಾಟ್ ನೋಡಿಕೊಂಡರಾಯಿತು.

ಡಿ ದರ್ಜೆಯ ಸಣ್ಣ ಆಂಪ್ಲಿಫೈಯರುಗಳು ಈ ಸೀಮೆಗೆ ವಿಶೇಷವಾಗಿ ಒಪ್ಪುತ್ತವೆ. ಬಿಸಿ ಕಡಿಮೆ, ವಿದ್ಯುತ್ ಪೋಲೂ ಕಡಿಮೆ. ಟಿಪಿಎ3116 ಎಂಬ ಚಿಪ್ಪಿನಿಂದ ಮಾಡಿದವು 4.5ರಿಂದ 26 ವೋಲ್ಟ್ ಡಿಸಿಯಲ್ಲಿ ನಡೆಯುತ್ತವೆ. ಇನ್ವರ್ಟರಿನ ಅಥವಾ ಸೌರಫಲಕದ 12 ವೋಲ್ಟ್ ಬ್ಯಾಟರಿಯಿಂದಲೇ ನೇರವಾಗಿ ಓಡಿಸಿದರೆ 4 ಓಮ್ ಸ್ಪೀಕರಿಗೆ ಒಂದೊಂದು ಬದಿಗೆ ಸುಮಾರು 15 ವಾಟ್ ಸಿಗುತ್ತದೆ. ಮೇನ್ಸ್ ಗುಂಯ್‌ಗುಟ್ಟುವ ಸದ್ದಿಲ್ಲ. ಕರೆಂಟು ಹೋದರೂ ಹಾಡು ನಿಲ್ಲದು. ಬ್ಯಾಟರಿಯ ಪಕ್ಕದಲ್ಲೇ ವೈರಿಗೆ ತಕ್ಕ ಫ್ಯೂಸ್ ಹಾಕುವುದು ಕಡ್ಡಾಯ.

ಇದಕ್ಕಿಂತ ಸರಳವಾದದ್ದು ಬೇಕಿದ್ದರೆ ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್ ಜೊತೆಯನ್ನು ತರಬಹುದು. ಡ್ಯಾಕ್‌ನಿಂದ ಒಂದು ವೈರು ಎಳೆದರೆ ಕೆಲಸ ಮುಗಿಯಿತು. ಇದರ ಕೊರತೆ ರಿಪೇರಿಯದು. ಒಂದು ಭಾಗ ಕೆಟ್ಟರೆ ಇಡೀ ಪೆಟ್ಟಿಗೆಯನ್ನು ಶಿರಸಿಗೋ ಹುಬ್ಬಳ್ಳಿಗೋ ಹೊರಬೇಕು.

ಸ್ಪೀಕರ್ ಮತ್ತು ಹೆಡ್‌ಫೋನ್

ಇಡೀ ಸರಪಳಿಯಲ್ಲಿ ಒಂದು ಮಾದರಿಗೂ ಇನ್ನೊಂದಕ್ಕೂ ಅಂತರ ಎದ್ದು ಕಾಣುವುದು ಸ್ಪೀಕರಿನಲ್ಲಿ. ಇರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇದಕ್ಕೆ ತೆಗೆದಿಡುವುದು ನ್ಯಾಯ. ಐದರಿಂದ ಆರೂವರೆ ಅಂಗುಲದ ಕೆಳಸ್ವರದ ಕೋನ್ ಇರುವ ಎರಡು ದಾರಿಯ ಪೆಟ್ಟಿಗೆ ಗಾಯನಕ್ಕೂ ಮದ್ದಳೆಗೂ ಸಾಕಾಗುತ್ತದೆ. ಕೊಳ್ಳಲು ಹೋಗುವಾಗ ತನಗೆ ಚೆನ್ನಾಗಿ ಗೊತ್ತಿರುವ ಎರಡು ಮುದ್ರಣಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯಬೇಕು. ಅಂಗಡಿಯವರು ಹಾಕುವ ಸಿನಿಮಾ ಹಾಡಿನ ಗುಡುಗಿಗೆ ಮರುಳಾಗಬಾರದು. ಭಾಗವತಿಕೆಯ ಸಾಹಿತ್ಯ ಸ್ಪಷ್ಟವಿದೆಯೇ, ತಾಳದ ನಾದ ಚುಚ್ಚುತ್ತದೆಯೇ, ಮದ್ದಳೆಯ ಎಡದ ಪೆಟ್ಟು ಊದಿಕೊಂಡಿದೆಯೇ ಎಂದು ಆಲಿಸಬೇಕು.

ತೇವದ ಊರಿನಲ್ಲಿ ಸ್ಪೀಕರಿನ ಆಯಸ್ಸೂ ಆಯ್ಕೆಯ ಮಾನದಂಡ. ಕೋನ್ ಸುತ್ತಲಿನ ಅಂಚು ಫೋಮಿನದಾದರೆ ಕೆಲವು ವರ್ಷಗಳಲ್ಲಿ ಪುಡಿಯಾಗಿ ಉದುರುತ್ತದೆ. ರಬ್ಬರಿನದು ಬಹುಕಾಲ ಬಾಳುತ್ತದೆ. ಒತ್ತಿದ ಹಲಗೆಯ ಪೆಟ್ಟಿಗೆ ನೆಲದ ತೇವ ಹೀರಿ ಉಬ್ಬುತ್ತದೆ. ಆದ್ದರಿಂದ ನೆಲಕ್ಕೆ ತಾಗದಂತೆ ಸ್ಟೂಲಿನ ಮೇಲಿಡಬೇಕು, ಗೋಡೆಗೂ ಅಂಟಿಸಬಾರದು.

ಮನೆಯವರು ಮಲಗಿದ ಮೇಲೆ ಕೇಳುವವರಿಗೆ, ಬೇರೆ ಕೋಣೆ ಇಲ್ಲದವರಿಗೆ ವೈರಿನ ಹೆಡ್‌ಫೋನ್ ಮತ್ತು ಒಂದು ಡಾಂಗಲ್ ಅತಿ ಕಡಿಮೆ ಖರ್ಚಿನ ಹೈ-ರೆಸ್ ವ್ಯವಸ್ಥೆ. ಕೋಣೆಯ ದೋಷ, ಮಳೆಯ ಸದ್ದು ಎರಡರಿಂದಲೂ ಅದು ಬಚಾವು. ಸದ್ದಿನ ಮಿತಿ ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಗಡಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್.

ಕೋಣೆ

ಹೈ-ರೆಸ್‌ನ ಹೆಚ್ಚಿನ ಬಿಟ್‌ಗಳನ್ನು ಕೋಣೆಯ ಸದ್ದೇ ಮುಚ್ಚಿಬಿಡುತ್ತದೆ. ರಾತ್ರಿಯ ನಿಶ್ಶಬ್ದ ಕೋಣೆಯಲ್ಲೂ 30 ಡೆಸಿಬೆಲ್ ಸುತ್ತಮುತ್ತ ಸದ್ದಿರುತ್ತದೆ. ಜೋರೆಂದರೆ 95ರವರೆಗೆ ಕೇಳಿದರೂ ಸಿಗುವ ಅಂತರ 65 ಡೆಸಿಬೆಲ್. ಸಿಡಿಯ 96 ಅದನ್ನು ಆರಾಮಾಗಿ ಒಳಗೊಳ್ಳುತ್ತದೆ. ಆಷಾಢದ ಮಳೆ ಹಂಚಿನ ಮಾಡಿನ ಮೇಲೆ ಬೀಳುವಾಗ, ಜೀರುಂಡೆ ಕೂಗುವಾಗ ಈ ಅಂತರ ಇನ್ನೂ ಕುಗ್ಗುತ್ತದೆ.

ಹಳೆಯ ಮನೆಯ ಜಗುಲಿ ಒಂದು ಬದಿಗೆ ತೆರೆದಿರುತ್ತದೆ. ಕೆಳಸ್ವರ ಅಲ್ಲಿ ನಿಲ್ಲದೆ ಹೊರಗೆ ಹೋಗುತ್ತದೆ. ಹಂಚಿನ ಇಳಿಜಾರು ಮಾಡು, ಮರದ ಅಟ್ಟ ಸದ್ದನ್ನು ಚದುರಿಸುವುದರಿಂದ ಮಾತು ಮತ್ತು ಹಾಡು ಅಲ್ಲಿ ಸಹಜವಾಗಿ ಕೇಳುತ್ತವೆ. ಹೊಸ ಆರ್‌ಸಿಸಿ ಮನೆಗಳ ಕೋಣೆಯಲ್ಲಿ ಎದುರುಬದುರು ಬೋಳು ಗೋಡೆ, ಟೈಲ್ಸ್ ನೆಲ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಝಣಝಣ ಮಾರ್ದನಿ ಕೇಳುತ್ತದೆ. ಇದಕ್ಕೆ ಮದ್ದು ಮನೆಯಲ್ಲೇ ಇದೆ. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಒಂದು ಗೋಡೆಗೆ ಪುಸ್ತಕದ ಕಪಾಟು, ಒಂದು ಮೂಲೆಗೆ ಹಾಸಿಗೆ ಹಾಸಿದ ಮಂಚ. ಸ್ಪೀಕರ್ ಎರಡೂ ಕೇಳುವವರೂ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರಬೇಕು. ಮೇಲುಸ್ವರದ ಸಣ್ಣ ಘಟಕ ಕುಳಿತವರ ಕಿವಿಯ ಎತ್ತರಕ್ಕಿರಬೇಕು. ಖರ್ಚಿಲ್ಲದ ಈ ಕೆಲಸ ತರುವ ಸುಧಾರಣೆಯನ್ನು ದುಬಾರಿ ವೈರು ತರಲಾರದು.

ವಿದ್ಯುತ್ತು, ಸಿಡಿಲು, ಬೂಷ್ಟು

ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಇಲ್ಲಿನ ಸಲಕರಣೆಗಳ ದೊಡ್ಡ ವೈರಿ. ಹತ್ತಿರದಲ್ಲಿ ಸಿಡಿಲು ಬಡಿದರೆ ವಿದ್ಯುತ್ ತಂತಿ, ಟೆಲಿಫೋನ್ ತಂತಿ, ಡಿಶ್ ಕೇಬಲ್ ಮೂರರಿಂದಲೂ ಹೊಡೆತ ಒಳಗೆ ಬರಬಹುದು. ಸರ್ಜ್ ತಡೆಯುವ ಎಕ್ಸ್‌ಟೆನ್ಶನ್ ಬೋರ್ಡು ಸಣ್ಣ ಏರಿಳಿತಕ್ಕೆ ಸರಿ, ನೇರ ಹೊಡೆತಕ್ಕೆ ಸಾಲದು. ಮೋಡ ಕಟ್ಟಿದ ಕೂಡಲೇ ಎಲ್ಲ ಪ್ಲಗ್ಗುಗಳನ್ನು, ಮೋಡೆಮಿನ ವೈರನ್ನೂ ಕೀಳುವ ಈ ಭಾಗದ ರೂಢಿಯೇ ಖಾತ್ರಿಯ ರಕ್ಷಣೆ. ಹಾಗಾಗಿ ಎಲ್ಲ ಸಲಕರಣೆ ಒಂದೇ ಬೋರ್ಡಿನಲ್ಲಿದ್ದು ಒಂದೇ ಪ್ಲಗ್ ಕಿತ್ತರೆ ಬೇರ್ಪಡುವಂತೆ ಜೋಡಿಸಿಡುವುದು ಜಾಣತನ.

ಬೇಸಿಗೆಯಲ್ಲಿ ಚಿರೆಕಲ್ಲಿನ ನೆಲ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂದರೆ ಮೊದಲು ಅರ್ಥಿಂಗನ್ನೇ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನಿಂದಲೂ ಇಂಥ ಸದ್ದು ಹುಟ್ಟುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದರೆ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಎಲ್ಲದಕ್ಕೂ ಬೂಷ್ಟು. ಆಂಪ್ಲಿಫೈಯರನ್ನು ವಾರಕ್ಕೆ ಒಂದೆರಡು ಸಲವಾದರೂ ಒಂದು ಗಂಟೆ ಚಾಲೂ ಇಟ್ಟರೆ ಅದರ ಸ್ವಂತ ಬಿಸಿಯೇ ಒಳಗಿನ ತೇವ ಆರಿಸುತ್ತದೆ. ಹೆಡ್‌ಫೋನ್, ಡಾಂಗಲ್, ಹಾರ್ಡ್ ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ಆಂಪ್ಲಿಫೈಯರಿನ ಗಾಳಿಕಿಂಡಿಯಿಂದ ಇರುವೆ, ಹಲ್ಲಿ ಒಳಸೇರದಂತೆ ತೆಳು ಜಾಳಿ ಕಟ್ಟುವುದೂ ಅಗತ್ಯವೇ.

ಮುದ್ರಣ ಮತ್ತು ಸಂರಕ್ಷಣೆ

ಹೈ-ರೆಸ್ ತಂತ್ರಜ್ಞಾನದ ನಿಜವಾದ ಫಲ ಇಲ್ಲಿದೆ. ಕೇಳುವಾಗ ಬೇಡದ ಹೆಚ್ಚಿನ ಬಿಟ್‌ಗಳು ಮುದ್ರಿಸುವಾಗ ಬಹಳ ಬೇಕು. ಮಳೆಗಾಲದಲ್ಲಿ ಜಗುಲಿಯಲ್ಲಿ ನಡೆಯುವ ತಾಳಮದ್ದಳೆಯನ್ನು ಮುದ್ರಿಸುವವರಿಗೆ ಅರ್ಥಧಾರಿಯ ಪಿಸುಮಾತೂ ಚಂಡೆಯ ಏರೂ ಒಂದೇ ಕೂಟದಲ್ಲಿ ಎದುರಾಗುತ್ತವೆ. 16 ಬಿಟ್‌ನಲ್ಲಿ ಮಟ್ಟವನ್ನು ಎತ್ತರಕ್ಕೆ ಇಟ್ಟರೆ ಚಂಡೆ ಒಡೆಯುತ್ತದೆ, ತಗ್ಗಿಸಿದರೆ ಮಾತು ಸದ್ದಿನಲ್ಲಿ ಮುಳುಗುತ್ತದೆ. 24 ಬಿಟ್‌ನಲ್ಲಿ ಮಟ್ಟವನ್ನು 12ರಿಂದ 18 ಡೆಸಿಬೆಲ್ ಕೆಳಗಿಟ್ಟರೂ ಮಾತಿಗೆ ಧಕ್ಕೆ ಇಲ್ಲ. 24 ಬಿಟ್ 96 ಕಿಲೊಹರ್ಟ್ಸ್‌ನಲ್ಲಿ ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ ಸುಮಾರು 16.6 ಜಿಬಿ ಜಾಗ ಬೇಕು. ವೇವ್ ಕಡತ 4 ಜಿಬಿ ಮಿತಿಯನ್ನು ಎರಡು ಗಂಟೆಗೆ ಮುಟ್ಟುವುದರಿಂದ ರೆಕಾರ್ಡರ್ ಅದನ್ನು ತುಂಡುಗಳಾಗಿ ಉಳಿಸುತ್ತದೆ. ಜಾಗ ಉಳಿಸಬೇಕಿದ್ದರೆ 48 ಕಿಲೊಹರ್ಟ್ಸ್ ಸಾಕು, 24 ಬಿಟ್ ಮಾತ್ರ ಬಿಡಬಾರದು.

ಇನ್ನೊಂದು ತುರ್ತಿನ ಕೆಲಸ ಹಳೆಯ ಕ್ಯಾಸೆಟ್ಟುಗಳದು. ಈ ಸೀಮೆಯ ಕಪಾಟುಗಳಲ್ಲಿ ಟೇಪ್ ರೆಕಾರ್ಡರ್ ಕಾಲದ ಆಟ, ತಾಳಮದ್ದಳೆ, ಬೈಠಕ್, ಅಜ್ಜಿಯರ ಹಾಡುಗಳು ಉಳಿದುಕೊಂಡಿವೆ. ಅವು ಬೇರೆಲ್ಲೂ ಸಿಗುವುದಿಲ್ಲ. ಕ್ಯಾಸೆಟ್ಟಿನ ಮೇಲುಸ್ವರ 12ರಿಂದ 15 ಕಿಲೊಹರ್ಟ್ಸ್‌ಗೆ ನಿಲ್ಲುತ್ತದೆ, ಹಿನ್ನೆಲೆಯ ಸರಸರ ಸದ್ದೂ ಹೆಚ್ಚು. ಹೀಗಿದ್ದರೂ ಧ್ವನಿ ದಾಖಲೆ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಅನಲಾಗ್ ಮೂಲಗಳಿಗೆ ಕನಿಷ್ಠ 24 ಬಿಟ್ 48 ಕಿಲೊಹರ್ಟ್ಸ್ ಹೇಳುತ್ತದೆ, 96 ಇದ್ದರೆ ಉತ್ತಮ ಎನ್ನುತ್ತದೆ. ಮುಂದೆ ಸರಸರ, ಕಟಕಟ ಸದ್ದನ್ನು ತೆಗೆಯುವ ಕೆಲಸಕ್ಕೆ ಈ ಹೆಚ್ಚಿನ ವಿವರ ಒದಗುತ್ತದೆ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಹಾಕಬಾರದು. ಟೇಪು ಹರಿಯುತ್ತದೆ, ಬೂಷ್ಟು ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಒಣ ಹವೆಯಲ್ಲಿ ಆರಿಸಿ, ಮೃದುವಾಗಿ ಒರೆಸಿ, ಒಮ್ಮೆ ತುದಿಯಿಂದ ತುದಿಗೆ ನಿಧಾನ ಸುತ್ತಿಕೊಳ್ಳಬೇಕು. ಪ್ರತಿ ಕ್ಯಾಸೆಟ್ಟಿಗೂ ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಶುಚಿ ಮಾಡಬೇಕು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ತಿರುಗಿಸಿ ತಾಳದ ನಾದ ಅತಿ ಸ್ಪಷ್ಟವಾಗುವ ಕೋನ ಹುಡುಕಬೇಕು. ಮಂದವಾಗಿ ಕೇಳುತ್ತಿದ್ದ ಎಷ್ಟೋ ಟೇಪುಗಳು ಈ ಒಂದು ತಿರುವಿನಿಂದ ಜೀವ ತಳೆಯುತ್ತವೆ. ಲೈನ್-ಇನ್ ಇರುವ ಯುಎಸ್‌ಬಿ ಸಾಧನದ ಮೂಲಕ ಉಚಿತ ಅಡಾಸಿಟಿ ತಂತ್ರಾಂಶದಲ್ಲಿ ಮುದ್ರಿಸಿಕೊಳ್ಳಬಹುದು. ಲ್ಯಾಪ್‌ಟಾಪಿನ ಮೈಕ್ ಕಿಂಡಿ ಇದಕ್ಕೆ ಆಗದು. ಮೂಲ ಕಡತವನ್ನು ತಿದ್ದದೆ ಇಟ್ಟು, ಶುಚಿ ಮಾಡುವುದನ್ನು ಪ್ರತಿಯಲ್ಲಿ ಮಾಡಬೇಕು. ಪ್ರಸಂಗ ಅಥವಾ ರಾಗ, ಭಾಗವತರು, ಮದ್ದಳೆ, ಚಂಡೆ, ಊರು, ತಾರೀಕು ಇವಿಷ್ಟು ಕಡತದ ಜೊತೆಗೇ ದಾಖಲಾಗಬೇಕು. ಹೆಸರಿಲ್ಲದ ಧ್ವನಿ ಮುಂದಿನ ತಲೆಮಾರಿಗೆ ಪರಿಚಯವಿಲ್ಲದ ಧ್ವನಿಯಾಗುತ್ತದೆ. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಬೇಕು.

ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕು ಸೇರಿತು. ಮನೆಯ ಸಂಗ್ರಹವನ್ನು ಸಾರ್ವಜನಿಕವಾಗಿ ಹಂಚುವ ಮೊದಲು ಅವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆಯುವುದು ಕಾನೂನಿಗೂ ಸೌಜನ್ಯಕ್ಕೂ ತಕ್ಕದ್ದು.

ಆಯ್ಕೆಯ ಕ್ರಮ

ಮೊದಲು ಇರುವ ಫೋನು ಅಥವಾ ಲ್ಯಾಪ್‌ಟಾಪಿನಿಂದ ಆರಂಭಿಸಿ, ಒಳ್ಳೆಯ ಮುದ್ರಣಗಳನ್ನು ಫ್ಲಾಕ್‌ನಲ್ಲಿ ಕೂಡಿಹಾಕಬೇಕು. ಸಾಧಾರಣ ಡಾಂಗಲ್ ಮತ್ತು ವೈರಿನ ಹೆಡ್‌ಫೋನ್ ಮೊದಲ ಮೆಟ್ಟಿಲು. ನಂತರ ಕೇಳಿ ಆರಿಸಿದ ಸ್ಪೀಕರ್ ಜೊತೆ, ಅದಕ್ಕೆ ಹೊಂದುವ ಸಣ್ಣ ಡಿ ದರ್ಜೆಯ ಆಂಪ್ಲಿಫೈಯರ್. ಅದರ ಬೆನ್ನಿಗೇ ಕೋಣೆಯ ಜಮಖಾನ ಮತ್ತು ಅರ್ಥಿಂಗ್. ದುಬಾರಿ ಡ್ಯಾಕ್, ವಿಶೇಷ ವೈರು, 192 ಕಿಲೊಹರ್ಟ್ಸ್ ಕಡತಗಳು ಪಟ್ಟಿಯ ಕೊನೆಗೆ ಬರುತ್ತವೆ, ಬರದಿದ್ದರೂ ನಷ್ಟವಿಲ್ಲ. ಹೀಗೆ ಉಳಿದ ಹಣಕ್ಕೆ ಉತ್ತಮ ವಿನಿಯೋಗ ಒಂದು 24 ಬಿಟ್ ರೆಕಾರ್ಡರ್. ದೂರದ ಸ್ಟುಡಿಯೊಗಳ ಸಂಗೀತಕ್ಕೆ ಹೈ-ರೆಸ್ ಪ್ರತಿ ಮಾಡುವವರು ಬೇಕಾದಷ್ಟಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಭಾಗವತರು, ಗಾಯಕರು, ಹಾಡುವ ಹೆಂಗಸರ ಕಂಠವನ್ನು ಅದೇ ಸೂಕ್ಷ್ಮದಲ್ಲಿ ಹಿಡಿದಿಡುವ ಕೆಲಸ ಈ ಸೀಮೆಯ ಕೇಳುಗರಿಂದಲೇ ಆಗಬೇಕು.